ಜೋಡಿ ಜಾರ್ಜಿಯನ್ ಮನೆಗಳ ವಯಸ್ಸು ಗುರುತಿಸುವ ಬಗೆ

ಲಂಡನ್ನಿನ ಮೇಫೇರ್‌ನಲ್ಲಿ ಬ್ರೂಕ್ ಸ್ಟ್ರೀಟಿನ 23 ಮತ್ತು 25ನೇ ನಂಬರಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಎರಡೂ ಜಾರ್ಜಿಯನ್, ಅಂದರೆ ಇಂಗ್ಲೆಂಡಿನಲ್ಲಿ ಜಾರ್ಜ್ ಹೆಸರಿನ ದೊರೆಗಳು ಆಳಿದ ಕಾಲದವು. ಸಂಗೀತ ಸಂಯೋಜಕ ಹ್ಯಾಂಡೆಲ್ 1723ರಿಂದ 1759ರಲ್ಲಿ ತೀರಿಕೊಳ್ಳುವವರೆಗೂ 25ರಲ್ಲಿದ್ದ. 23ರ ಮೇಲ್ಮಹಡಿಯಲ್ಲಿ 1968–69ರಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಇದ್ದ. ಈಗ ಎರಡೂ ಸೇರಿ ಮ್ಯೂಸಿಯಂ ಆಗಿದೆ. ಹೆಸರಿನ ಫಲಕ ಓದಿ ಹೊರಟುಬಿಡಬೇಡಿ. ಎದುರು ಫುಟ್‌ಪಾತಿಗೆ ದಾಟಿ ನಿಂತು ಗೋಡೆ ನೋಡಿ. ಜೋಡಿ ಮನೆಯ ದೊಡ್ಡ ಅನುಕೂಲವೆಂದರೆ ಒಂದರಲ್ಲಿ ಅನುಮಾನ ಬಂದದ್ದನ್ನು ಪಕ್ಕದ್ದರೊಡನೆ ತಾಳೆ ನೋಡಬಹುದು.

ಮೊದಲು ಕಿಟಕಿ ಸಾಲುಗಳ ಎತ್ತರ ಗಮನಿಸಿ. ಇಂಥ ಮನೆಗಳಲ್ಲಿ ಅತಿಥಿಗಳನ್ನು ಕೂರಿಸುವ ಕೋಣೆ ಸಾಮಾನ್ಯವಾಗಿ ಮೊದಲ ಮಹಡಿಯದು, ಎತ್ತರದ ಕಿಟಕಿಯೂ ಅಲ್ಲೇ. ಮೇಲಕ್ಕೆ ಹೋದಂತೆ ಕಿಟಕಿ ಗಿಡ್ಡವಾಗುತ್ತದೆ. ಅಡುಗೆಮನೆ ನೆಲಮಾಳಿಗೆಯಲ್ಲಿ, ಆಳುಗಳ ವಾಸ ಅಟ್ಟದಲ್ಲಿ. 25ರ ಅಟ್ಟವನ್ನು ಆಮೇಲೆ ಪೂರ್ಣ ಮಹಡಿಯಾಗಿ ಏರಿಸಿದ್ದಾರೆ. ಹೀಗೆ ಏರಿಸಿದ ಕಡೆ ಇಟ್ಟಿಗೆಯ ಬಣ್ಣವೋ ಸಂದಿನ ದಪ್ಪವೋ ಕೆಳಗಿನದಕ್ಕೆ ಹೊಂದದೆ ಗುಟ್ಟು ಬಿಟ್ಟುಕೊಡುತ್ತದೆ.

ಇನ್ನು ಕಿಟಕಿಯ ಚೌಕಟ್ಟು. ಬೆಂಕಿ ಹರಡಬಾರದೆಂದು 1709ರ ಕಾಯ್ದೆ ಮರದ ಚೌಕಟ್ಟನ್ನು ಗೋಡೆಯ ಹೊರಮೈಯಿಂದ 4 ಇಂಚು ಒಳಕ್ಕೆ ಸರಿಸಿತು, ಎಲ್ಲರೂ ಪಾಲಿಸಲಿಲ್ಲ. 1774ರ ಕಾಯ್ದೆ ಬಂದ ಮೇಲೆ ಚೌಕಟ್ಟಿನ ಪೆಟ್ಟಿಗೆಯೇ (ಮೇಲೆ ಕೆಳಗೆ ಜಾರುವ ಕಿಟಕಿಯ ತೂಕದ ಗುಂಡುಗಳಿರುವ ಮರದ ಗೂಡು) ಇಟ್ಟಿಗೆಯ ಹಿಂದೆ ಅಡಗಿತು. ಮರ ಅಗಲವಾಗಿ ಕಂಡರೆ ಹಳೆಯದು, ತೆಳು ಅಂಚು ಮಾತ್ರ ಕಂಡರೆ ಈಚಿನದು. ಗಾಜುಗಳ ನಡುವಿನ ಪಟ್ಟಿ ಆರಂಭದಲ್ಲಿ ಒಂದೂವರೆ ಇಂಚಿನಷ್ಟು ದಪ್ಪ, ಹದಿನೆಂಟನೇ ಶತಮಾನದ ಕೊನೆಗೆ ಅರ್ಧ ಇಂಚಿನ ಆಸುಪಾಸು. ಆದರೆ ಪಟ್ಟಿಯೊಂದನ್ನೇ ನಂಬಿ ಮನೆಯ ವಯಸ್ಸು ಹೇಳಬೇಡಿ. ಮರ ಕೊಳೆತಾಗ ಕಿಟಕಿ ಬದಲಾಗುತ್ತದೆ, ಇಟ್ಟಿಗೆಯ ಕಂಡಿ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಮುಚ್ಚಿದ ಕಿಟಕಿ ಕಂಡ ಕೂಡಲೇ 1696ರಿಂದ 1851ರವರೆಗಿದ್ದ, ಮನೆಯ ಕಿಟಕಿಗಳನ್ನು ಎಣಿಸಿ ಹಾಕುತ್ತಿದ್ದ ಕಿಟಕಿ ತೆರಿಗೆಯನ್ನು ದೂರುವುದುಂಟು. ಒಳಗಿನ ಇಟ್ಟಿಗೆ ಸುತ್ತಲ ಗೋಡೆಯೊಡನೆ ಹೆಣೆದುಕೊಂಡಿದ್ದರೆ ಅದು ಸಮತೆಗಾಗಿ ಮೊದಲೇ ಹಾಗೆ ಕಟ್ಟಿದ್ದು. ಅಂಚಿನಲ್ಲಿ ನೇರ ಸೀಳು ಕಂಡರೆ ಮಾತ್ರ ಆಮೇಲೆ ಮುಚ್ಚಿದ್ದು.

ಇಂಥ ಗೋಡೆಗೆ ಬಹಳ ಕೆಡುಕು ಮಾಡುವುದು ಸಿಮೆಂಟು. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಸಿಮೆಂಟು ತಡೆಯುತ್ತದೆ, ನೀರು ಮೆತ್ತನೆಯ ಇಟ್ಟಿಗೆಗೇ ನುಗ್ಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಉದುರುತ್ತದೆ. ನಮ್ಮೂರಿನ ಹಳೆಯ ಗಾರೆ ಮನೆಗಳಲ್ಲೂ ಸಿಮೆಂಟಿನ ತೇಪೆ ತೇವವನ್ನು ಒಳಗೇ ಕೂಡಿಹಾಕುತ್ತದೆ. ದುರಸ್ತಿಗೆ ಸಂದಿನ ಅಗಲದ ಎರಡರಷ್ಟು ಆಳಕ್ಕೆ ಹಳೆಯ ಗಾರೆಯನ್ನು ಕೈಯುಳಿಯಿಂದ ಕೆರೆಯಿರಿ. ಯಂತ್ರ ಬಳಸಿದರೆ ಇಟ್ಟಿಗೆಯ ಅಂಚು ಮುರಿಯುತ್ತದೆ. ಧೂಳು ತೆಗೆದು, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಕಲೆಸಿ ಒತ್ತಿ ತುಂಬಿ. ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಕೆಲಸ ಮುಂದೂಡಿ. ಮುಗಿದ ಮೇಲೆ ಒದ್ದೆ ಗೋಣಿ ಇಳಿಬಿಟ್ಟು ಕೆಲವು ದಿನ ನೆರಳಿನಲ್ಲೇ ಆರಲು ಬಿಡಿ.