ಟಾನಿಕ್ ಹೊಡೆದರೆ ರಾಗಿ ಜಾಸ್ತಿ ಬರುತ್ತಾ? ನಿಮ್ಮ ಹೊಲದಲ್ಲೇ ಅಳೆದು ನೋಡುವುದು ಹೇಗೆ

ರಾಗಿ ಪೈರು ಎದ್ದು ನಿಲ್ಲುವ ಹೊತ್ತಿಗೆ ಊರಿಗೆ ಟಾನಿಕ್ ಬಾಟಲಿಗಳೂ ಬರುತ್ತವೆ, ಇಳುವರಿ ಏರುತ್ತದೆ ಎಂದು ಪೈರಿಗೆ ಸಿಂಪಡಿಸುವ ದ್ರಾವಣ. ಪಂಪಿಗೆ ಇಷ್ಟು ಎಂಎಲ್ ಹಾಕಿ, ಎಕರೆಗೆ ಎರಡು ಕ್ವಿಂಟಲ್ ಜಾಸ್ತಿ ಗ್ಯಾರಂಟಿ ಎಂಬ ಮಾತು. ಜೊತೆಗೆ ಮೊಬೈಲಿನಲ್ಲಿ ಒಂದು ಫೋಟೊ. ಎಡಕ್ಕೆ ಬಡಕಲು ತೆನೆ, ಬಲಕ್ಕೆ ದಪ್ಪ ತೆನೆ. ಆ ಎರಡು ತೆನೆಗಳು ಯಾವ ಹೊಲದವು, ಎಷ್ಟು ತೆನೆಗಳ ನಡುವೆ ಆರಿಸಿ ತೆಗೆದವು ಎಂದು ಯಾರೂ ಹೇಳುವುದಿಲ್ಲ.

ಹೊಡೆದು ನೋಡಿದವರಿಗೂ ಉತ್ತರ ಗೊತ್ತಿರುವುದಿಲ್ಲ. ಹೋದ ವರ್ಷಕ್ಕಿಂತ ಜಾಸ್ತಿ ಬಂತು ಅನ್ನೋಣ. ಹೋದ ವರ್ಷ ತೆನೆ ಬಿಡುವಾಗ ಮಳೆ ಕೈಕೊಟ್ಟಿತ್ತು, ಈ ವರ್ಷ ಸುರಿಯಿತು. ಪಕ್ಕದವರ ಹೊಲಕ್ಕಿಂತ ಚೆನ್ನಾಗಿದೆ ಅನ್ನೋಣ. ಅವರ ಗೊಬ್ಬರ ಬೇರೆ, ಬಿತ್ತಿದ ದಿನ ಬೇರೆ. ಅರ್ಧ ಹೊಲಕ್ಕೆ ಹೊಡೆದು ಇನ್ನರ್ಧ ಹಾಗೇ ಬಿಟ್ಟರೆ? ಇದು ವಾಸಿ, ಆದರೂ ಸಾಲದು. ಒಂದೇ ಬೀಜ ಬಿತ್ತಿ ಒಂದೇ ಗೊಬ್ಬರ ಕೊಟ್ಟರೂ ದಿಣ್ಣೆಯ ಕಡೆಗೂ ತಗ್ಗಿನ ಕಡೆಗೂ ಇಳುವರಿ ಬೇರೆ ಬೇರೆಯೇ. ನೀವು ಕಂಡ ವ್ಯತ್ಯಾಸ ಟಾನಿಕ್‌ದೋ ಮಣ್ಣಿನದೋ?

ಈ ತಲೆನೋವು ಹಳೆಯದು. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಗೋಧಿ ಹೊಲದಲ್ಲಿ ಗೊಬ್ಬರದ ಪ್ರಯೋಗ ಶುರುವಾಯಿತು. ಅದು ಇವತ್ತಿಗೂ ನಡೆಯುತ್ತಿದೆ. 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರು ಅಲ್ಲಿ ಕೆಲಸಕ್ಕೆ ಸೇರಿದರು. ದಶಕಗಳ ಇಳುವರಿ ಲೆಕ್ಕ ಅವರ ಕೈಗೆ ಬಂತು. ಮುಂದಿನ ವರ್ಷಗಳಲ್ಲಿ ಅವರು ಮೂರು ನಿಯಮ ಗಟ್ಟಿ ಮಾಡಿದರು. ಒಂದೇ ಸಲ ನೋಡಿ ನಂಬಬೇಡಿ, ಹಲವು ತಾಕುಗಳಲ್ಲಿ (ಅಳೆದು ಗುರುತಿಸಿದ ಹೊಲದ ತುಂಡುಗಳಲ್ಲಿ) ನೋಡಿ. ಅಕ್ಕಪಕ್ಕದ್ದನ್ನೇ ಅಕ್ಕಪಕ್ಕದ್ದಕ್ಕೆ ಹೋಲಿಸಿ. ಯಾವ ತಾಕಿಗೆ ಯಾವುದು ಎಂಬುದನ್ನು ನೀವು ಆರಿಸಬೇಡಿ, ಚೀಟಿಗೆ ಬಿಡಿ. ಇಂದಿನ ಔಷಧಿ ಪರೀಕ್ಷೆಗಳೂ ಇದೇ ನಿಯಮಗಳ ಮೇಲೆ ನಿಂತಿವೆ. ಇದನ್ನು ಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. 12 ಗುಂಟೆ ಜಾಗ, ಟೇಪು, ಗೂಟ, ಹಗ್ಗ, ಒಂದು ತೂಕದ ಯಂತ್ರ ಇದ್ದರೆ ಆಯಿತು.

ಮೊದಲು ಪುಸ್ತಕ ತೆಗೆಯಿರಿ

ಹೊಲಕ್ಕೆ ಇಳಿಯುವ ಮೊದಲೇ ಎರಡು ವಿಷಯ ಬರೆದಿಡಿ. ಏನನ್ನು ಅಳೆಯುತ್ತೀರಿ? ಒಣಗಿದ ಕಾಳಿನ ತೂಕ. ಎಲೆ ಎಷ್ಟು ಹಸಿರಾಗಿತ್ತು, ತೆನೆ ಎಷ್ಟು ದಪ್ಪ ಇತ್ತು ಎಂಬುದೆಲ್ಲ ಆಮೇಲೆ. ಕೊನೆಯಲ್ಲಿ ಕಾಳು ಜಾಸ್ತಿ ಬರದಿದ್ದರೆ "ಹುಲ್ಲಾದರೂ ಚೆನ್ನಾಗಿ ಬಂತಲ್ಲ" ಎಂದು ಮಾತು ತಿರುಗಿಸುವುದು ಎಲ್ಲರ ಅಭ್ಯಾಸ. ಮೊದಲೇ ಬರೆದಿಟ್ಟರೆ ಆ ದಾರಿ ಮುಚ್ಚುತ್ತದೆ.

ಎರಡನೆಯದು, ಎಷ್ಟು ಜಾಸ್ತಿ ಬಂದರೆ ಖರ್ಚು ಹುಟ್ಟುತ್ತದೆ? ಉದಾಹರಣೆಗೆ ಎಕರೆಗೆ ಟಾನಿಕ್ 900 ರೂಪಾಯಿ, ಹೊಡೆಯುವ ಕೂಲಿ 600 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 1,500. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಎಕರೆಗೆ ಸುಮಾರು 31 ಕಿಲೋ ಜಾಸ್ತಿ ಬಂದರೆ ಹಾಕಿದ ದುಡ್ಡು ವಾಪಸ್. ನೀವು ಮಂಡಿಯಲ್ಲಿ ಕಡಿಮೆಗೆ ಮಾರುವವರಾದರೆ ಆ ಬೆಲೆಯಲ್ಲೇ ಲೆಕ್ಕ ಹಾಕಿ.

ತಾಕು ಗುರುತಿಸುವುದು

ಒಂದು ತಾಕಿಗೆ ಒಂದು ಗುಂಟೆ, ಅಂದರೆ 33 ಅಡಿಗೆ 33 ಅಡಿ. ಎರಡು ತಾಕು ಸೇರಿ ಒಂದು ಜೋಡಿ. ಅಂಥ ಆರು ಜೋಡಿ ಮಾಡಿ. ಒಂದು ಜೋಡಿಯ ಎರಡೂ ತಾಕುಗಳು ಅಕ್ಕಪಕ್ಕ ಇರಬೇಕು, ಒಂದೇ ಮಟ್ಟದಲ್ಲಿರಬೇಕು. ಇಳಿಜಾರಿನ ಹೊಲವಾದರೆ ಒಂದು ಮೇಲೆ, ಒಂದು ಕೆಳಗೆ ಬರುವ ಹಾಗೆ ಹಾಕಬೇಡಿ; ಕೆಳಗಿನದಕ್ಕೆ ಮಣ್ಣು, ನೀರು ಎರಡೂ ಜಾಸ್ತಿ ಸಿಗುತ್ತದೆ. ಜೋಡಿಗಳು ಮಾತ್ರ ಒಂದಕ್ಕೊಂದು ದೂರ ಇರಲಿ. ಒಂದು ದಿಣ್ಣೆಯಲ್ಲಿ, ಇನ್ನೊಂದು ತಗ್ಗಿನಲ್ಲಿ, ಮತ್ತೊಂದು ನಡುವೆ. ಹೊಲದ ಎಲ್ಲ ಬಗೆಯ ಮಣ್ಣೂ ಪರೀಕ್ಷೆಗೆ ಸಿಗುತ್ತದೆ.

ಕೆಲವು ಜಾಗ ಬಿಡಿ. ಹೊಂಗೆ ಮರದ ನೆರಳು ಬೀಳುವ ಕಡೆ, ಗಾಡಿ ಓಡಾಡಿ ಗಟ್ಟಿಯಾದ ಕಡೆ, ಕೊಟ್ಟಿಗೆ ಗೊಬ್ಬರ ಸುರಿದು ತಿಂಗಳುಗಟ್ಟಲೆ ಗುಡ್ಡೆ ಬಿಟ್ಟಿದ್ದ ಕಡೆ. ಗೊಬ್ಬರದ ಗುಡ್ಡೆ ಇದ್ದ ಜಾಗ ಪೈರು ಬಂದಾಗ ತಾನೇ ಕಡುಹಸಿರಾಗಿ ಕಾಣುತ್ತದೆ. ಅಕ್ಕಡಿ ಸಾಲಿನ ವಿಷಯವನ್ನೂ ಮರೆಯಬಾರದು. ರಾಗಿಯ ನಡುವೆ ಅವರೆಯನ್ನೋ ಜೋಳವನ್ನೋ ಹಾಕಿದ್ದರೆ, ಜೋಡಿಯ ಎರಡೂ ತಾಕುಗಳಲ್ಲಿ ಅಷ್ಟಷ್ಟೇ ಸಾಲು ಬರುವ ಹಾಗೆ ಗೂಟ ಹೊಡೆಯಿರಿ. ಒಂದರಲ್ಲಿ ಎರಡು ಸಾಲು, ಇನ್ನೊಂದರಲ್ಲಿ ಮೂರು ಬಂದರೆ ಲೆಕ್ಕ ಅಲ್ಲೇ ಕೆಟ್ಟಿತು.

ಈಗ ನಾಣ್ಯ ಎಸೆಯಿರಿ

ಪ್ರತಿ ಜೋಡಿಯ ಮುಂದೆ ನಿಂತು ನಾಣ್ಯ ಎಸೆಯಿರಿ. ತಲೆ ಬಿದ್ದರೆ ಎಡಗಡೆಯ ತಾಕಿಗೆ ಟಾನಿಕ್, ಇಲ್ಲದಿದ್ದರೆ ಬಲಗಡೆಯದಕ್ಕೆ. ಬಿದ್ದದ್ದನ್ನು ಆಗಲೇ ಪುಸ್ತಕದಲ್ಲಿ ಬರೆಯಿರಿ. ಇದು ಹುಡುಗಾಟ ಅನ್ನಿಸಬಹುದು. ಆದರೆ ಆರಿಸಲು ಬಿಟ್ಟರೆ ನಮ್ಮ ಕೈ ಚೆನ್ನಾಗಿರುವ ಪೈರಿನ ಕಡೆಗೇ ಹೋಗುತ್ತದೆ. ಟಾನಿಕ್ ಮಾರುವವರ ಡೆಮೊ ತಾಕು ಯಾವಾಗಲೂ ರಸ್ತೆ ಪಕ್ಕದ ಒಳ್ಳೆಯ ಮಣ್ಣಿನಲ್ಲೇ ಇರುತ್ತದೆ, ಗಮನಿಸಿದ್ದೀರಾ? ನಾಲ್ಕು ಸಲ ಸತತವಾಗಿ ತಲೆ ಬಿದ್ದರೂ ಮತ್ತೆ ಎಸೆಯಬೇಡಿ.

ಹೊಡೆಯುವಾಗ

ಇಲ್ಲೇ ಜಾಸ್ತಿ ಜನ ಎಡವುವುದು. ಟಾನಿಕ್ ಇಲ್ಲದ ತಾಕಿಗೆ ಏನೂ ಮಾಡದೆ ಬಿಡುತ್ತಾರೆ. ಟಾನಿಕ್ ತಾಕಿಗೆ ಬಿದ್ದದ್ದು ಟಾನಿಕ್ ಒಂದೇ ಏನಲ್ಲ, ನೀರೂ ಬಿತ್ತು, ಜನ ಓಡಾಡಿ ಪೈರು ತುಳಿದದ್ದೂ ಆಯಿತು. ಹಾಗಾಗಿ ಇನ್ನೊಂದು ತಾಕಿಗೆ ಅಷ್ಟೇ ನೀರನ್ನು, ಅದೇ ದಿನ, ಅದೇ ನಾಜಲ್‌ನಿಂದ, ಅದೇ ಕೈಯಲ್ಲಿ ಹೊಡೆಸಿ. ಮೊದಲು ಬರೀ ನೀರು, ಆಮೇಲೆ ಟಾನಿಕ್. ಪಂಪನ್ನು ಮೊದಲೇ ತೊಳೆದಿರಬೇಕು. ಹೋದ ವಾರ ಹೊಡೆದ ಕಳೆನಾಶಕದ ಅಂಶ ಉಳಿದಿದ್ದರೆ ನೀರಿನ ತಾಕು ಸುಟ್ಟು, ಟಾನಿಕ್‌ಗೆ ಸುಮ್ನೆ ಹೆಸರು ಬರುತ್ತದೆ. ಗಾಳಿ ಇಲ್ಲದ ಬೆಳಗಿನ ಹೊತ್ತು ನೋಡಿ. ಉಳಿದಂತೆ ಕಳೆ, ಕುಂಟೆ, ಯೂರಿಯಾ ಎಲ್ಲ ಎರಡಕ್ಕೂ ಒಂದೇ. ಟಾನಿಕ್ ತಾಕಿನ ಮೇಲೆ ಪ್ರೀತಿ ಜಾಸ್ತಿಯಾಗಿ ಅಲ್ಲಿ ಇನ್ನೊಂದು ಸಲ ಕಳೆ ಕೀಳಿಸಬೇಡಿ.

ಕಟಾವು ಮತ್ತು ತೂಕ

ಗುಂಟೆ ಪೂರ್ತಿ ಕೊಯ್ದು ತೂಗುವುದು ಬೇಡ. ಅಂಚಿನಲ್ಲಿ ಪಕ್ಕದ ತಾಕಿನ ಸಿಂಪಡಣೆ ಹಾರಿ ಬಿದ್ದಿರುತ್ತದೆ. ನಟ್ಟನಡುವೆ 5 ಮೀಟರಿಗೆ 5 ಮೀಟರ್ ಚೌಕ ಗುರುತಿಸಿ. ಸುತ್ತಲೂ ಸುಮಾರು ಎರಡೂವರೆ ಮೀಟರ್ ಅಂಚು ಉಳಿಯುತ್ತದೆ. ಚೌಕ ಸರಿಯಾಗಿದೆಯೇ ಎಂದು ಮೂಲೆಯಿಂದ ಮೂಲೆಗೆ ಅಳೆದು ನೋಡಿ. ಎರಡೂ ಕಡೆ 7.07 ಮೀಟರ್ ಬರಬೇಕು. ಬೆಳೆ ವಿಮೆಗಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದಲ್ಲೂ ಬಹಳ ಬೆಳೆಗಳಿಗೆ ಇದೇ ಅಳತೆ.

ಚೌಕ ಇನ್ನೂ ಚಿಕ್ಕದಾದರೆ ಕೆಲಸ ಹಗುರ ಅಲ್ವಾ ಎಂದು ಕೇಳಬಹುದು. ಈ ಬಗ್ಗೆ ನಮ್ಮ ದೇಶದಲ್ಲೇ ದೊಡ್ಡ ವಾದ ನಡೆದಿದೆ. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಚಿಕ್ಕ ಚಿಕ್ಕ ತುಂಡುಗಳನ್ನು ಬಹಳ ಕಡೆ ಕೊಯ್ಯುವುದೇ ಮೇಲು ಎಂದರು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಒಪ್ಪಲಿಲ್ಲ. ಚಿಕ್ಕ ತುಂಡಿನಲ್ಲಿ ಗೆರೆಯ ಮೇಲಿನ ಗಿಡಗಳನ್ನು ಒಳಗೆ ಸೇರಿಸಿಕೊಳ್ಳುವುದು ಜಾಸ್ತಿ, ಹಾಗಾಗಿ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ ಎಂದು ತೋರಿಸಿದರು. ಹೊಲದಲ್ಲಿ ಹಗ್ಗ ಹಿಡಿದು ನಿಂತರೆ ಸುಖಾತ್ಮೆ ಹೇಳಿದ್ದು ಸರಿ ಅನ್ನಿಸುತ್ತದೆ. ಗೆರೆಯ ಮೇಲಿನ ಗಿಡದ ಬುಡ ಒಳಗಿದ್ದರೆ ಒಳಗೆ, ಹೊರಗಿದ್ದರೆ ಹೊರಗೆ. ತೆನೆ ಎತ್ತ ಬಾಗಿದೆ ಎಂದು ನೋಡಬೇಡಿ.

ಕೊಯ್ದದ್ದನ್ನು 12 ಚೀಲಗಳಿಗೆ ತುಂಬಿ. ಚೀಲದ ಮೇಲೆ ನಂಬರ್ ಮಾತ್ರ ಇರಲಿ, ಟಾನಿಕ್ ಎಂದು ಬರೆಯಬೇಡಿ. ಒಕ್ಕಿ ತೂರುವವರಿಗೆ, ತೂಗುವವರಿಗೆ ಯಾವುದು ಯಾವುದೆಂದು ಗೊತ್ತಿರಬಾರದು. ಗೊತ್ತಿದ್ದರೆ ಒಂದನ್ನು ಚೆನ್ನಾಗಿ ತೂರಿ, ಇನ್ನೊಂದರಲ್ಲಿ ಹೊಟ್ಟು ಉಳಿಯುವುದು ತಾನಾಗಿಯೇ ಆಗುತ್ತದೆ; ಯಾರೂ ಬೇಕೆಂದು ಮಾಡುವುದಿಲ್ಲ. ಎಲ್ಲವನ್ನೂ ಒಂದೇ ಕಣದಲ್ಲಿ ಅಷ್ಟೇ ದಿನ ಬಿಸಿಲಿಗೆ ಹಾಕಿ, ಒಂದೇ ದಿನ, ಒಂದೇ ಯಂತ್ರದಲ್ಲಿ ತೂಗಿ. ಹಂದಿ ಬಿದ್ದು ಒಂದು ತಾಕು ಹಾಳಾಗಿದ್ದರೆ ಆ ಜೋಡಿಯನ್ನೇ ಪೂರ್ತಿ ಬಿಟ್ಟುಬಿಡಿ. ಆ ತೀರ್ಮಾನ ತೂಗುವ ಮೊದಲೇ ಆಗಿರಬೇಕು.

ಲೆಕ್ಕ

ಉದಾಹರಣೆಗೆ ನೀರಿನ ತಾಕುಗಳಲ್ಲಿ ಕ್ರಮವಾಗಿ 5.2, 4.6, 6.0, 5.5, 4.9, 5.8 ಕಿಲೋ ಬಂತು. ಟಾನಿಕ್ ತಾಕುಗಳಲ್ಲಿ 5.9, 4.5, 6.6, 6.2, 5.0, 6.2. ಪ್ರತಿ ಜೋಡಿಯಲ್ಲಿ ಟಾನಿಕ್‌ನಿಂದ ನೀರನ್ನು ಕಳೆಯಿರಿ. 0.7, ಮೈನಸ್ 0.1, 0.6, 0.7, 0.1, 0.4. ಸರಾಸರಿ 0.4 ಕಿಲೋ. 25 ಚದರ ಮೀಟರಿನ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಗುತ್ತದೆ. ಅಂದರೆ ಎಕರೆಗೆ ಸುಮಾರು 65 ಕಿಲೋ ಜಾಸ್ತಿ.

ಇಲ್ಲಿಗೇ ನಿಲ್ಲಿಸಬೇಡಿ. ಆರು ವ್ಯತ್ಯಾಸಗಳು ಎಷ್ಟು ಚದುರಿವೆ ನೋಡಿ. ಒಂದು ಕಡೆ 0.7, ಒಂದು ಕಡೆ ಕಡಿಮೆಯೇ ಆಗಿದೆ. ಈ ಚದುರುವಿಕೆಯನ್ನು ಲೆಕ್ಕಕ್ಕೆ ತರುವ ದಾರಿಯನ್ನು ಕಂಡುಕೊಂಡವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್. ಬಾರ್ಲಿಯ ಪರೀಕ್ಷೆಗಳಲ್ಲಿ ಅವರ ಕೈಗೆ ಸಿಗುತ್ತಿದ್ದದ್ದೂ ಇಂಥ ನಾಲ್ಕಾರು ಅಂಕಿಗಳೇ. 1908ರಲ್ಲಿ ಅವರು ಅದನ್ನು "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಪ್ರಕಟಿಸಿದರು.

ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಪ್ರತಿ ವ್ಯತ್ಯಾಸದಿಂದ ಸರಾಸರಿ 0.4 ಕಳೆದು, ಬಂದದ್ದನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ. 0.56 ಬರುತ್ತದೆ. ಅದನ್ನು 5ರಿಂದ (ಜೋಡಿಗಿಂತ ಒಂದು ಕಡಿಮೆ), ಮತ್ತೆ 6ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 0.137. ಆರು ಜೋಡಿಗೆ ಗಾಸೆಟ್ ಲೆಕ್ಕದಿಂದ ಬಂದ ಕೋಷ್ಟಕದ (t ಕೋಷ್ಟಕ) ಅಂಕಿ 2.57, ನಾಲ್ಕು ಜೋಡಿಗೆ 3.18, ಹತ್ತು ಜೋಡಿಗೆ 2.26. ನಮ್ಮ ಆರು ಜೋಡಿಗೆ 0.137ನ್ನು 2.57ರಿಂದ ಗುಣಿಸಿದರೆ 0.35. ಸರಾಸರಿಗೆ ಇದನ್ನು ಕೂಡಿಸಿ, ಕಳೆದು ನೋಡಿ: 0.05ರಿಂದ 0.75 ಕಿಲೋ. ಎಕರೆಗೆ ಸುಮಾರು 8ರಿಂದ 121 ಕಿಲೋ. ಹೀಗೆ 100 ಪ್ರಯೋಗ ಮಾಡಿದರೆ ಸುಮಾರು 95ರಲ್ಲಿ ನಿಜವಾದ ವ್ಯತ್ಯಾಸ ಇಂಥ ಮಿತಿಯೊಳಗೇ ಇರುತ್ತದೆ.

ಈಗ ಓದಿ. ಕೆಳಗಿನ ತುದಿ ಸೊನ್ನೆಗಿಂತ ಮೇಲಿದೆ. ಹಾಗಾಗಿ ಈ ಉದಾಹರಣೆಯ ಟಾನಿಕ್ ಬರೀ ನೀರಲ್ಲ. ಮೇಲಿನ ತುದಿ 121 ಕಿಲೋ. ಎರಡು ಕ್ವಿಂಟಲ್ ಮಾತನ್ನು ಬಿಟ್ಟುಬಿಡಿ. ಖರ್ಚು ಹುಟ್ಟಲು ಬೇಕಾದ 31 ಕಿಲೋ ಈ ಎರಡು ತುದಿಗಳ ನಡುವೆ ಇದೆ. ಲಾಭ ಆಗಬಹುದು, ಗ್ಯಾರಂಟಿ ಇಲ್ಲ. "ಕೆಲಸ ಮಾಡುತ್ತೆ" ಮತ್ತು "ಕೊಳ್ಳಬಹುದು" ಎರಡೂ ಬೇರೆ ಪ್ರಶ್ನೆಗಳು. ಅಂಗಡಿಯಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರ ಸಿಗುತ್ತದೆ.

ಒಂದು ಎಚ್ಚರಿಕೆ. ಒಂದೇ ತಾಕಿನಿಂದ 50 ತೆನೆ ಕಿತ್ತು ತೂಗಿ "50 ಸಲ ಅಳೆದೆ" ಎನ್ನಬೇಡಿ. ಆ 50 ತೆನೆಗಳು ಒಂದೇ ಮಣ್ಣು, ಒಂದೇ ನೀರು ಕುಡಿದವು. ಅದು ಒಂದು ಅಳತೆ, ಅಷ್ಟೇ. ಶಾಲೆಯ ಪರೀಕ್ಷೆಗಳಲ್ಲೂ ಇದೇ ತಪ್ಪು ನಡೆಯುತ್ತದೆ. ಒಂದು ತರಗತಿಗೆ ಹೊಸ ಪಾಠಕ್ರಮ, ಇನ್ನೊಂದಕ್ಕೆ ಹಳೆಯದು, 80 ಮಕ್ಕಳ ಅಂಕ. ನಿಜವಾಗಿ ಹೋಲಿಸಿದ್ದು ಇಬ್ಬರು ಮೇಷ್ಟ್ರುಗಳನ್ನು. ಮುಂಬೈ ಮತ್ತು ವಡೋದರದಲ್ಲಿ 2001ರ ಆಸುಪಾಸಿನಲ್ಲಿ ಪ್ರಥಮ್ ಸಂಸ್ಥೆಯ "ಬಾಲಸಖಿ" ಕಾರ್ಯಕ್ರಮವನ್ನು ಪರೀಕ್ಷಿಸಿದಾಗ ಹೀಗೆ ಮಾಡಲಿಲ್ಲ. ಹಿಂದುಳಿದ ಮಕ್ಕಳಿಗೆ ಪಾಠ ಹೇಳುವ ಸ್ಥಳೀಯ ಯುವತಿಯನ್ನು ಯಾವ ಶಾಲೆಯ ಯಾವ ತರಗತಿಗೆ ಕೊಡುವುದು ಎಂದು ಚೀಟಿ ಎತ್ತಿ, ಬಹಳ ಶಾಲೆಗಳಲ್ಲಿ ನೋಡಿದರು. ಮಕ್ಕಳ ಅಂಕ ಏರಿತು. ಆ ತಂಡದಲ್ಲಿದ್ದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇಬ್ಬರಿಗೂ 2019ರಲ್ಲಿ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಂಗಡಿಯವರಿಗೂ ಇದೇ ಮಾತು. ಗಣೇಶನ ಹಬ್ಬದ ವಾರ ರಿಯಾಯಿತಿ ಕೊಟ್ಟು, ಮಾರಾಟ ಏರಿದ್ದನ್ನು ರಿಯಾಯಿತಿಯ ಖಾತೆಗೆ ಬರೆಯಬೇಡಿ. ಹಬ್ಬವಿಲ್ಲದ ವಾರಗಳನ್ನು ಎರಡೆರಡಾಗಿ ಜೋಡಿಸಿ, ಯಾವುದಕ್ಕೆ ರಿಯಾಯಿತಿ ಎಂದು ನಾಣ್ಯವನ್ನು ಕೇಳಿ.

ಎರಡನೇ ವರ್ಷ

ಒಂದು ಮುಂಗಾರು ಎಂದರೆ ಒಂದೇ ಬಗೆಯ ಮಳೆ. ಒಳ್ಳೆಯ ಮಳೆಯಲ್ಲಿ ಗೆದ್ದದ್ದು ಬರದಲ್ಲಿ ಸೋಲಬಹುದು. ಕಡಿಮೆ ಎಂದರೆ ಎರಡು ವರ್ಷ ಮಾಡಿ. ಸಾಧ್ಯವಾದರೆ ಊರಿನ ಮೂರು ನಾಲ್ಕು ಜನ ಸೇರಿ, ಒಬ್ಬೊಬ್ಬರ ಹೊಲದಲ್ಲಿ ಎರಡೆರಡು ಜೋಡಿ ಹಾಕಿ. ಆಗ ಉತ್ತರ ಒಂದೇ ಹೊಲಕ್ಕೆ ಅಂಟಿಕೊಳ್ಳುವುದಿಲ್ಲ. ಹೊಲದಲ್ಲಿ ಪ್ರಯೋಗ ಮಾಡುವುದು ಕೃಷಿ ವಿಜ್ಞಾನ ಕೇಂದ್ರಗಳ ಕೆಲಸಗಳಲ್ಲೊಂದು. ನಿಮ್ಮ ಜಿಲ್ಲೆಯ ಕೇಂದ್ರಕ್ಕೆ ಹೋಗಿ ತಾಕಿನ ನಕ್ಷೆ ತೋರಿಸಿ, ಬಿತ್ತನೆಗೆ ಮೊದಲೇ. ಹೋದ ವರ್ಷದ ಗೂಟ ಇನ್ನೂ ಅಲ್ಲೇ ಇದ್ದರೂ ಅದೇ ತಾಕಿಗೆ ಟಾನಿಕ್ ಎಂದು ಮೊದಲೇ ತೀರ್ಮಾನಿಸಬೇಡಿ. ನಾಣ್ಯವನ್ನು ಹೊಸದಾಗಿ ಎಸೆಯಿರಿ.