ಡೌನ್‌ಲೋಡ್ ಬಟನ್ ಮಾಯವಾದರೆ ಸ್ಟೇಟ್‌ಮೆಂಟ್ ತೆಗೆಸುವುದು ಹೇಗೆ?

ಜಯನಗರದ ಒಂದು ಬ್ಯಾಂಕಿನಲ್ಲಿ ನನ್ನ ಮುಂದೆ ಕ್ಯೂನಲ್ಲಿದ್ದ ಹುಡುಗ ಕೇಳಿದ್ದು ಇಷ್ಟೇ: ‘ಮೇಡಂ, ಆರು ತಿಂಗಳ ಸ್ಟೇಟ್‌ಮೆಂಟ್ ಕೊಡಿ.’ ಕೊಟ್ಟರು. ಹೊರಗೆ ಹೋಗಿ ನೋಡಿದರೆ ಹಿಂದಿನ ತಿಂಗಳ ಕೊನೆಗೇ ನಿಂತಿದೆ, ಸೀಲೂ ಇಲ್ಲ. ವೀಸಾ ಅರ್ಜಿಗೆ ಅದು ಆಗಲ್ಲ. ಪಾಪ, ಮತ್ತೆ ಕ್ಯೂಗೆ ನಿಂತ. ಆನ್‌ಲೈನ್‌ನಲ್ಲಿ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡುವ ಸೌಲಭ್ಯವನ್ನು ಬ್ಯಾಂಕ್ ತೆಗೆದುಹಾಕಿದಾಗ ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು, ಬಟನ್ ನಿಜವಾಗಲೂ ಹೋಗಿದೆಯೇ ನೋಡಿ. ಆ್ಯಪ್‌ನಲ್ಲಿ ಇಲ್ಲದ್ದು ಕಂಪ್ಯೂಟರಿನ ನೆಟ್‌ಬ್ಯಾಂಕಿಂಗ್‌ನಲ್ಲಿ ಇರಬಹುದು.

ಎರಡನೆಯದು, ಇ-ಸ್ಟೇಟ್‌ಮೆಂಟ್‌ಗೆ ಇಮೇಲ್ ನೋಂದಾಯಿಸಿ. ಇದು ಮುಂದಿನ ತಿಂಗಳುಗಳಿಗೆ ಮಾತ್ರ, ಹಳೆಯದು ಬರಲ್ಲ. ಬಂದ ಫೈಲನ್ನು ಆಯಾ ತಿಂಗಳೇ ಬೇರೆ ಫೋಲ್ಡರಿನಲ್ಲಿ ಇಡಿ.

ಹೀಗೆ ಬಂದ ಫೈಲಿಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಇರುತ್ತದೆ. ಅದು ಕಿರಿಕಿರಿ ಅಂತ, ಪಾಸ್‌ವರ್ಡ್ ತೆಗೆದುಕೊಡುವ ಉಚಿತ ವೆಬ್‌ಸೈಟ್‌ಗೆ ಫೈಲನ್ನು ಹಾಕುವವರಿದ್ದಾರೆ. ನಿಮ್ಮ ಸಂಬಳ, ಬಾಡಿಗೆ, ಔಷಧದ ಖರ್ಚು ಎಲ್ಲವನ್ನೂ ಗುರುತಿಲ್ಲದವರ ಕೈಗೆ ಇಟ್ಟ ಹಾಗೆ. ಅದರ ಬದಲು ಫೈಲನ್ನು ಬ್ರೌಸರಿನಲ್ಲಿ ತೆರೆದು, ಪಾಸ್‌ವರ್ಡ್ ಹಾಕಿ, ಪ್ರಿಂಟ್ ಒತ್ತಿ ಪಿಡಿಎಫ್ ಆಗಿ ಉಳಿಸಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಬ್ಯಾಂಕಿನ ಡಿಜಿಟಲ್ ಸಹಿ ಇದ್ದರೆ ಅದು ಇರುವುದು ಅದರಲ್ಲೇ. ಎಸ್‌ಎಂಎಸ್ ಓದಿ ‘ಸ್ಟೇಟ್‌ಮೆಂಟ್’ ಮಾಡಿಕೊಡುವ ಆ್ಯಪ್‌ಗಳ ಸಹವಾಸವೂ ಬೇಡ. ಸ್ಕ್ರೀನ್‌ಶಾಟ್ ಅಂಟಿಸಿ ತರುವುದಂತೂ ಸುಮ್ನೆ ಶ್ರಮ.

ಮೂರನೆಯದು ಶಾಖೆಗೆ ಹೋಗುವುದು. ಎರಡನೇ, ನಾಲ್ಕನೇ ಶನಿವಾರ ಬಾಗಿಲು ಹಾಕಿರುತ್ತದೆ, ನೆನಪಿರಲಿ. ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆಯಿಲ್ಲ. ಖಾತೆ ಸಂಖ್ಯೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕೆಲಸಕ್ಕೆ, ಪ್ರತಿ ಪುಟಕ್ಕೂ ಸೀಲು ಮತ್ತು ಸಹಿ ಬೇಕು ಎಂಬ ಮಾತು, ಇಷ್ಟೂ ಇರಲಿ. ‘ಆರು ತಿಂಗಳು’ ಎಂದು ಬರೆಯಲೇಬೇಡಿ. ಕೋರ್ಟಿಗೆ ಬೇಕಿದ್ದರೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಪ್ರಕಾರ ದೃಢೀಕರಿಸಿದ ಪ್ರತಿ ಬೇಕೆಂದು ಹೇಳಿ, ಬರೀ ಸೀಲು ಸಾಲದು. ಪತ್ರದ ಎರಡು ಪ್ರತಿ ಒಯ್ದು ಒಂದರ ಮೇಲೆ ‘ಸ್ವೀಕರಿಸಿದೆ’ ಎಂದು ತಾರೀಖಿನ ಸೀಲು ಹಾಕಿಸಿಕೊಳ್ಳಿ. ಜನ ಇದಕ್ಕೆ ಸಂಕೋಚಪಡುತ್ತಾರೆ. ನಾನು ಹಾಕಿಸಿಕೊಳ್ಳದೆ ಕೌಂಟರ್ ಬಿಡುವುದಿಲ್ಲ.

ಶುಲ್ಕ ಎಷ್ಟು ಅಂತ ಮೊದಲೇ ಕೇಳಿ, ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಬೇರೆ. ಆದರೆ ವೈಯಕ್ತಿಕ ಉಳಿತಾಯ ಖಾತೆಗೆ ಪಾಸ್‌ಬುಕ್ ಕೊಡಲೇಬೇಕು, ಅದಕ್ಕೆ ದುಡ್ಡು ಕೇಳುವಂತಿಲ್ಲ ಎನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಪಾಸ್‌ಬುಕ್ ಅಂದರೆ ಅಜ್ಜನ ಕಾಲದ್ದು ಅಂತ ಮೂಗು ಮುರಿಯಬೇಡಿ. ಎರಡು ತಿಂಗಳಿಗೊಮ್ಮೆ ಎಂಟ್ರಿ ಹಾಕಿಸಿದ ಪುಸ್ತಕಕ್ಕೆ ಲಾಗಿನ್ ಬೇಡ, ಅಲ್ವಾ?

ಹಳೆಯ ಸ್ಟೇಟ್‌ಮೆಂಟ್ ಬೇಕಿದ್ದರೆ ತಡ ಮಾಡಬೇಡಿ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ವ್ಯವಹಾರದ ದಾಖಲೆಯನ್ನು ಬ್ಯಾಂಕ್ ಕನಿಷ್ಠ 5 ವರ್ಷ ಇಡಬೇಕು. ಅದಕ್ಕಿಂತ ಹಿಂದಿನದು ಸಿಕ್ಕರೆ ಅದೃಷ್ಟ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಸೇರಿತು, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಸೇರಿತು. ಅಂಥ ಖಾತೆಯವರು ಹಳೇ ಪಾಸ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ಖಾತೆ ಮುಚ್ಚುವ ಯೋಚನೆ ಇದ್ದರಂತೂ ಮೊದಲು ಸ್ಟೇಟ್‌ಮೆಂಟ್, ಆಮೇಲೆ ಅರ್ಜಿ.

ಕೈಗೆ ಬಂದ ಕಾಗದವನ್ನು ಕೌಂಟರ್ ಬಳಿಯೇ ನೋಡಿ. ಹಿಂದಿನ ಪುಟದ ಕೊನೆಯ ಬಾಕಿಯೇ ಮುಂದಿನ ಪುಟದ ಮೊದಲ ಬಾಕಿ ಆಗಿರಬೇಕು. ಆಗಿಲ್ಲ ಎಂದರೆ ನಡುವೆ ಪುಟ ಬಿಟ್ಟುಹೋಗಿದೆ.

ಸಾಲಕ್ಕೆ ಮಾತ್ರ ಬೇಕಿದ್ದರೆ ಇಷ್ಟು ಓಡಾಟ ಬೇಡ. ಅಕೌಂಟ್ ಅಗ್ರಿಗೇಟರ್ (ಖಾತೆಯ ವಿವರ ದಾಟಿಸಲು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಂಸ್ಥೆ) ಮೂಲಕ ನಿಮ್ಮ ಒಪ್ಪಿಗೆಯ ಮೇಲೆ ಸಾಲ ಕೊಡುವವರಿಗೆ ವಿವರ ನೇರವಾಗಿ ಹೋಗಬಹುದು. ಒಪ್ಪಿಗೆ ಎಷ್ಟು ದಿನಕ್ಕೆ ಅಂತ ಓದಿ ಒತ್ತಿ.

ಪತ್ರ ಕೊಟ್ಟರೂ ಸ್ಟೇಟ್‌ಮೆಂಟ್ ಬರಲಿಲ್ಲವೇ? ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಖರ್ಚಿಲ್ಲ. ಮಾಹಿತಿಗೆ 14448. ಆ 30 ದಿನದ ಲೆಕ್ಕ ತೋರಿಸುವುದಕ್ಕೆ, ಈ ದೂರಿನ ಪ್ರತಿಯ ಮೇಲೂ ತಾರೀಖಿನ ಸೀಲು ಹಾಕಿಸಿಕೊಳ್ಳಿ.