ಕೊನೆಗೂ ಕಿಡ್ನಿಗಿಂತ ಗಡ್ಡೆ ಜಾಸ್ತಿ ಬೆಳಗಿತು: ಮೆಲನೋಮ ಟ್ರೇಸರ್ ಜೊತೆ ನನ್ನ ಅನುಭವ

ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್‌ಗೆ ಅಂಟಿ ಸ್ಕ್ಯಾನ್‌ನಲ್ಲಿ ಬೆಳಗುವ ವಿಕಿರಣಶೀಲ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ), ಅಂದರೆ ಟ್ರೇಸರ್, ಮಾಡೋಕೆ ಹೊರಟಿದ್ದೆ. "ಇದು ಆಗೋ ಕೆಲಸ ಅಲ್ಲ" ಅಂತ ಮೊದಲು ಹೇಳಿದವರು ನಮ್ಮ ಲ್ಯಾಬಿನ ಹಿರಿಯರೇ. ಅವರ ಮಾತು ಸುಳ್ಳೇನಲ್ಲ. ಮನುಷ್ಯರ ಮೆಲನೋಮದಲ್ಲಿ ಈ ಪೆಪ್ಟೈಡ್ ಹಿಡಿಯೋ ಎಂಸಿ1ಆರ್ ರಿಸೆಪ್ಟರ್ (ಕೋಶದ ಮೇಲಿನ ಹಿಡಿಕೆ) ಕಡಿಮೆ. ಲ್ಯಾಬಿನಲ್ಲಿ ಬೆಳೆಸೋ ಕೆಲವು ಸೆಲ್ ಲೈನ್‌ಗಳಲ್ಲಿ ಒಂದು ಕೋಶಕ್ಕೆ ಒಂದೆರಡು ಸಾವಿರ ಸಿಕ್ಕರೆ ಪುಣ್ಯ. ಪೆಪ್ಟೈಡ್ ಅಂದ ಮೇಲೆ ಕಿಡ್ನಿಯಲ್ಲಿ ಹೋಗಿ ಕೂರೋದು ಗ್ಯಾರಂಟಿ. "ಎಫ್‌ಡಿಜಿ ಇದೆಯಲ್ಲ, ಇನ್ನೊಂದು ಯಾಕೆ?" ಅಂತಲೂ ಕೇಳಿದರು. ಅದು ಕ್ಯಾನ್ಸರ್ ಸ್ಕ್ಯಾನ್‌ಗೆ ಎಲ್ಲರೂ ಬಳಸೋ ವಿಕಿರಣಶೀಲ ಸಕ್ಕರೆ. ಎಫ್‌ಡಿಜಿ ಕಾಯಿಲೆ ತೋರಿಸುತ್ತದೆ, ಸರಿ. ಆದರೆ ಅದೇ ಅಣುವಿಗೆ ವಿಕಿರಣದಿಂದ ಕೋಶ ಕೊಲ್ಲೋ ಲುಟೇಶಿಯಂ ಕಟ್ಟಿ ಗಡ್ಡೆಗೆ ಹೊಡೆಯೋಕೆ ಆಗುತ್ತಾ? ನನಗೆ ಬೇಕಿದ್ದದ್ದು ಅದು. ತೋರಿಸೋದೂ ಅದೇ, ಸುಡೋದೂ ಅದೇ.

ಮೊದಲ ನಾಲ್ಕು ತಿಂಗಳು ಸುಮ್ನೆ ಹಾಳಾಯಿತು. ಸ್ಕ್ಯಾನ್‌ನಲ್ಲಿ ಕಾಣೋ ಗ್ಯಾಲಿಯಂ-68 ಅನ್ನು ಪೆಪ್ಟೈಡ್‌ಗೆ ಕಟ್ಟೋದು, ಅಂದರೆ ಲೇಬಲಿಂಗ್, ಒಂದು ದಿನ 95 ಪರ್ಸೆಂಟ್, ಮರುದಿನ 40. ಅದೇ ಬಫರ್, ಅದೇ ಪಿಎಚ್ 4, ಅದೇ 95 ಡಿಗ್ರಿ, ಹತ್ತು ನಿಮಿಷ. ಪೆಪ್ಟೈಡ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಬ್ಯಾಚ್ ತರಿಸಿದೆ, ಆ ದುಡ್ಡೂ ಹೋಯಿತು. ನೋಟ್‌ಬುಕ್ ತಿರುವಿ ಹಾಕುವಾಗ ಒಂದು ಸಂಜೆ ಕಣ್ಣಿಗೆ ಬಿತ್ತು: ಕೆಟ್ಟ ದಿನಗಳೆಲ್ಲ ಸೋಮವಾರ! ಜೆನರೇಟರ್ ಅಂದರೆ ಒಳಗಿನ ಜರ್ಮೇನಿಯಂ-68 ಕ್ಷಯಿಸಿ ಗ್ಯಾಲಿಯಂ ಕೊಡೋ ಸಾಧನ. ವಾರಾಂತ್ಯ ಪೂರ್ತಿ ಅದನ್ನು ಮುಟ್ಟದೆ ಬಿಟ್ಟರೆ ಗ್ಯಾಲಿಯಂ ಕ್ಷಯಿಸಿ ಒಳಗೆ ಸತು ಸೇರುತ್ತಾ ಹೋಗುತ್ತದೆ. ಆ ಸತು ಬಂದು ಪೆಪ್ಟೈಡ್‌ಗೆ ಸೇರಿಸಿರೋ, ಲೋಹ ಹಿಡಿಯೋ ಕೊಂಡಿಯಾದ ನಮ್ಮ ಡೋಟಾದಲ್ಲಿ ಜಾಗ ಹಿಡಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ, ತಲೆಯಲ್ಲಿ ಉಳಿದಿರಲಿಲ್ಲ. ಈಗ ಬೆಳಗ್ಗೆ ಒಂದು ಸಲ ಎಲ್ಯೂಟ್ ಮಾಡಿ (ಆಸಿಡ್ ಹರಿಸಿ ಒಳಗಿನದನ್ನು ತೊಳೆದು ತೆಗೆದು) ಪಕ್ಕಕ್ಕಿಡುತ್ತೇನೆ. ನಾಲ್ಕು ಗಂಟೆ ಕಾದರೆ ಹೆಚ್ಚುಕಮ್ಮಿ 90 ಪರ್ಸೆಂಟ್ ಆಕ್ಟಿವಿಟಿ ವಾಪಸ್ ಬಂದಿರುತ್ತದೆ, ಕೆಲಸಕ್ಕೆ ತೆಗೆದುಕೊಳ್ಳುವುದು ಆ ಎರಡನೆಯದನ್ನು. ಆಸಿಡ್ ಎಳೆಯುತ್ತಿದ್ದ ಸ್ಟೀಲ್ ಸೂಜಿಯನ್ನೂ, ಅದರಿಂದಲೂ ಲೋಹ ಸೇರಬಹುದು ಅಂತ, ಅವತ್ತೇ ಬಿಸಾಕಿದೆ.

ದುಡ್ಡಿನ ನೋವು ಬೇರೆ. ವರ್ಷದ ಗ್ರ್ಯಾಂಟ್‌ನಲ್ಲಿ ಅರ್ಧ ಜೆನರೇಟರ್ ನುಂಗಿತ್ತು. ಜರ್ಮೇನಿಯಂ-68ರ ಅರ್ಧಾಯುಷ್ಯ 271 ದಿನ. ನಾನು ಸೋಮವಾರದ ಗುಟ್ಟು ಹಿಡಿಯುವಷ್ಟರಲ್ಲಿ ಅದರ ಕಾಲುಭಾಗ ಸವೆದು ಹೋಗಿತ್ತು.

ಲೇಬಲಿಂಗ್ ಹದಕ್ಕೆ ಬಂತು. ಇಲಿ ಹದಕ್ಕೆ ಬರಲಿಲ್ಲ, ಅಂದರೆ ಇಲಿಯ ಕಿಡ್ನಿ. ಮೊದಲ ಸ್ಕ್ಯಾನ್‌ನಲ್ಲಿ ಎರಡು ಕಿಡ್ನಿ, ಮೂತ್ರಕೋಶ ದೀಪಾವಳಿ ಥರ ಉರಿಯುತ್ತಿದ್ದವು. ಭುಜದ ಮೇಲೆ ಬಿ16 (ಇಲಿಯ ಮೆಲನೋಮ) ಗಡ್ಡೆ ಇತ್ತು ಅನ್ನೋದು ನನಗೆ ಗೊತ್ತಿದ್ದರಿಂದ ಮಾತ್ರ ಕಂಡಿತು. ಗಡ್ಡೆಗಿಂತ ಕಿಡ್ನಿಯಲ್ಲಿ ಮೂರು ಪಟ್ಟು. ಹಿರಿಯರು ಸ್ಕ್ರೀನ್ ನೋಡಿ ಏನೂ ಹೇಳಲಿಲ್ಲ, ಚಹಾ ಕುಡಿಯೋಕೆ ಹೋದರು.

ಕಿಡ್ನಿ ಪೆಪ್ಟೈಡ್ ಹಿಡಿದಿಡೋದು ಕಮ್ಮಿ ಆಗಲಿ ಅಂತ ಜೊತೆಗೆ ಲೈಸಿನ್ ಕೊಟ್ಟು ನೋಡಿದೆ. ಇಳಿಯಿತು, ಸಾಕಾಗುವಷ್ಟಲ್ಲ. ನೇರ ಪೆಪ್ಟೈಡ್ ಬಿಟ್ಟು ಉಂಗುರ ಮಾಡಿದೆ. ಹಿಸ್ಟಿಡಿನ್, ಡಿ-ಫೆನೈಲಲನಿನ್, ಆರ್ಜಿನಿನ್, ಟ್ರಿಪ್ಟೋಫಾನ್, ಈ ನಾಲ್ಕು ಅಮೈನೋ ಆಮ್ಲ ಮುಟ್ಟೋ ಹಾಗಿಲ್ಲ, ರಿಸೆಪ್ಟರ್ ಮೇಲಿನ ಹಿಡಿತ ಇರೋದೇ ಅಲ್ಲಿ. ಆಟ ಆಡೋಕೆ ಜಾಗ ಇದ್ದದ್ದು ಉಂಗುರಕ್ಕೂ ಡೋಟಾಗೂ ನಡುವಿನ ಜೋಡಣೆ ತುಂಡಿನಲ್ಲಿ, ಅಂದರೆ ಲಿಂಕರ್‌ನಲ್ಲಿ. ಏಳು ಲಿಂಕರ್ ಮಾಡಿಸಿದೆ. ಐದು ದಂಡ. ಒಂದು ಪರವಾಗಿಲ್ಲ. ಏಳನೆಯದು ಯಾವುದು ಅಂತ ಇಲ್ಲಿ ಬರೆಯಲ್ಲ. ಅದರ ವಿದ್ಯುತ್ ಚಾರ್ಜ್ ಕಡೆ ಗಮನ ಕೊಡಿ, ಅಷ್ಟು ಹೇಳಬಲ್ಲೆ.

ಲಿಂಕರ್ ಸಿಕ್ಕಿದ ಮೇಲೂ ನಾನು ಮಾಡುತ್ತಿದ್ದ ದಡ್ಡತನ ಇನ್ನೊಂದಿತ್ತು. ಲೇಬಲಿಂಗ್ ಯೀಲ್ಡ್ ಚೆನ್ನಾಗಿ ಬರಲಿ ಅಂತ ಪೆಪ್ಟೈಡ್ ಧಾರಾಳವಾಗಿ ಹಾಕುತ್ತಿದ್ದೆ, ಇಲಿಗೆ ಹತ್ತು ಮೈಕ್ರೋಗ್ರಾಂ ಹತ್ತಿರ. ಇರೋ ನಾಲ್ಕು ಕುರ್ಚಿಗೆ ನಲವತ್ತು ಜನರನ್ನು ಕಳಿಸಿದ ಹಾಗೆ. ಲೇಬಲ್ ಆಗದ ಪೆಪ್ಟೈಡೇ ರಿಸೆಪ್ಟರ್ ತುಂಬುತ್ತಿತ್ತು. 0.2 ಮೈಕ್ರೋಗ್ರಾಂಗೆ ಇಳಿಸಿದೆ, ಗಡ್ಡೆ ಎದ್ದು ಕಂಡಿತು. ಎರಡು ಗಂಟೆಯ ಹೊತ್ತಿಗೆ ಗಡ್ಡೆಯಲ್ಲಿ ಕಿಡ್ನಿಯ ಎರಡು ಪಟ್ಟು, ನೆನಪಿನಿಂದ ಹೇಳ್ತಿದ್ದೇನೆ. ನಿಜವಾ ಅಂತ ನೋಡೋಕೆ ಬೇಕಂತಲೇ ಲೇಬಲ್ ಇಲ್ಲದ ಪೆಪ್ಟೈಡ್ ಜಾಸ್ತಿ ಕೊಟ್ಟೆ. ಗಡ್ಡೆ ಆರಿತು, ಕಿಡ್ನಿ ಇದ್ದ ಹಾಗೇ ಇತ್ತು. ಅಂದರೆ ಗಡ್ಡೆಯಲ್ಲಿ ಕೂತದ್ದು ರಿಸೆಪ್ಟರ್ ಮೂಲಕವೇ, ಕಿಡ್ನಿಯದ್ದು ಬೇರೆ ಕಥೆ. ಆ ಚಿತ್ರ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದ್ದೇನೆ.

ನಡುವೆ ಮೂರು ವಾರ ಬೆಂಜಮೈಡ್ ಅನ್ನೋ ಬೇರೆ ಬಗೆಯ ಟ್ರೇಸರ್ ಹಿಂದೆ ಹೋಗಿದ್ದೆ. ಅದು ರಿಸೆಪ್ಟರ್‌ಗಲ್ಲ, ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್‌ಗೇ ನೇರ ಅಂಟುತ್ತದೆ. ಕಪ್ಪು ಇಲಿಗೆ ಕೊಟ್ಟು ನೋಡಿದರೆ ಗಡ್ಡೆ ಜೊತೆಗೆ ಎರಡು ಕಣ್ಣೂ ಫಳಫಳ! ಕತ್ತಲ ಸ್ಕ್ರೀನಿನಿಂದ ಇಲಿ ನನ್ನನ್ನೇ ದಿಟ್ಟಿಸುತ್ತಿತ್ತು. ಚೆಂದದ ಚಿತ್ರ, ಆದರೆ ಚಿಕಿತ್ಸೆಗೆ ಹೋದರೆ ಕಣ್ಣಿನ ಗತಿ ಏನು? ಬಣ್ಣವಿಲ್ಲದ ಮೆಲನೋಮದಲ್ಲಂತೂ ಹಿಡಿಯೋಕೆ ಅದಕ್ಕೆ ಏನೂ ಇಲ್ಲ. ಬಿಟ್ಟೆ.

ಲುಟೇಶಿಯಂ-177 ಕಟ್ಟೋದು ಸುಲಭ, ಉಳಿಸೋದು ಕಷ್ಟ. ಸಂಜೆ 98 ಇದ್ದ ಶುದ್ಧತೆ ಬೆಳಗ್ಗೆ 80ಕ್ಕೆ ಬಿದ್ದಿತ್ತು. ತನ್ನ ವಿಕಿರಣಕ್ಕೆ ತಾನೇ ಬಲಿ. ಅದನ್ನು ತಡೆಯೋಕೆ ಆಸ್ಕಾರ್ಬಿಕ್ ಆಸಿಡ್ (ವಿಟಮಿನ್ ಸಿ) ಹಾಕುತ್ತಿದ್ದೆ, ಆದರೆ ಕೊನೆಯಲ್ಲಿ. ಮೊದಲೇ ಹಾಕಿದ ಮೇಲೆ ಎರಡನೇ ದಿನವೂ 95ರ ಮೇಲೆ ನಿಂತಿತು. ಎಷ್ಟು ಹಾಕಬೇಕು ಅನ್ನೋದನ್ನು ನೀವೇ ಕಂಡುಕೊಳ್ಳಿ.

ಇಲಿಗಳಲ್ಲಿ ಗಡ್ಡೆ ಮಾಯವಾಯಿತು ಅಂತ ನಾನು ಹೇಳಲ್ಲ. ಬಿ16 ರಾತ್ರಿ ಬೆಳಗಾಗೋದರಲ್ಲಿ ಉಬ್ಬುತ್ತದೆ. ಲುಟೇಶಿಯಂ ತನ್ನ ಡೋಸ್ ನಿಧಾನವಾಗಿ ಕೊಡುತ್ತದೆ, ಅದರ ಅರ್ಧಾಯುಷ್ಯ ಆರೂವರೆ ದಿನಕ್ಕೂ ಜಾಸ್ತಿ. ಬೆಳವಣಿಗೆ ಚೆನ್ನಾಗಿ ತಗ್ಗಿತು, ನಿಲ್ಲಲಿಲ್ಲ. ಅದಕ್ಕೇ ಈಗ ಅದೇ ಪೆಪ್ಟೈಡ್‌ಗೆ ಸೀಸ-212 ಕಟ್ಟುವ ತಯಾರಿ. ಹತ್ತೂವರೆ ಗಂಟೆಯ ಅರ್ಧಾಯುಷ್ಯ, ಮುಂದೆ ಆಲ್ಫಾ ಕಣಗಳ ಬಲವಾದ ಹೊಡೆತ. ತಲೆನೋವು ಅಲ್ಲೂ ಇದೆ: ಸೀಸ ಬಿಸ್ಮತ್ ಆಗುವಾಗ ಮೂರನೇ ಒಂದು ಭಾಗದಷ್ಟು ಡೋಟಾದಿಂದ ಜಾರಿಬಿಡುತ್ತದೆ. ಹಾಗಾಗಿ ಡೋಟಾ ಬದಲು ಬೇರೆ ಕೀಲೇಟರ್ (ಲೋಹ ಹಿಡಿಯೋ ಕೊಂಡಿ) ಇಟ್ಟು ಪೆಪ್ಟೈಡ್ ಮಾಡಿಸೋಕೆ ಕೊಟ್ಟಿದ್ದೇನೆ.

ಹೋದ ವಾರ ಹಿರಿಯರು ಬಂದು ಗೋಡೆಯ ಚಿತ್ರ ನೋಡುತ್ತಾ ನಿಂತರು. ಏಳನೇ ಲಿಂಕರ್‌ನದು ಎರಡು ವಯಲ್ ಸಿಗುತ್ತಾ ಅಂತ ಕೇಳಿದರು. ಒಂದು ಕೊಟ್ಟೆ.